ನೀಮಾಳ ಕಪ್ಪು ಮರ

ಆಗಿನ್ನೂ ಅಮೆರಿಕದ ಸ್ಯಾನ್ ಹೊಸೆಯ ನಮ್ಮ ಅಪಾರ್ಟ್‌ಮೆಂಟಿನ ಹಿಂದೆಯೇ ಏಪ್ರಿಕಾಟ್ ತೋಟಗಳಿದ್ದವು. ಎಂಬತ್ತರ ದಶಕ, ನಾನು ಐದನೇ ಕ್ಲಾಸು. ಶಾಲೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದವರು ಇಬ್ಬರೇ, ನಾನು ಮತ್ತು ನನ್ನ ಪ್ರಾಣದ ಗೆಳತಿ ನೀಮಾ. ನನ್ನದು ಶಾಲೆಯವರು ಕೊಟ್ಟ ಪ್ಲಾಸ್ಟಿಕ್ಕಿನದು, ಮೂತಿಯ ತುಂಬ ಹಿಂದಿನವರ ಹಲ್ಲಿನ ಗುರುತು. ನೀಮಾಳದು ಮರದ್ದು. ಪೆಟ್ಟಿಗೆ ತೆರೆದರೆ ಎಣ್ಣೆಯ ಘಮ.

ಅವಳಪ್ಪ ಟಾಂಜಾನಿಯಾದವರು. ಒಂದು ದಿನ ಕ್ಲಾಸಿಗೆ ಬಂದು ಆ ಮರದ ಕಥೆ ಹೇಳಿದರು. ಹೆಸರು ಎಂಪಿಂಗೊ. ನೋಡಲು ಮುಳ್ಳಿನ ಕುಳ್ಳ ಮರ, ಒಳಗೆ ಇದ್ದಿಲಿನಂಥ ಕಪ್ಪು ತಿರುಳು. ಅದರ ತುಂಡೊಂದನ್ನು ಬಕೆಟ್ಟಿಗೆ ಹಾಕಿದರು, ಕಲ್ಲಿನಂತೆ ಮುಳುಗಿತು. ಅವರ ಕಡೆಯ ಶಿಲ್ಪಿಗಳು ಒಂದೇ ಕೊರಡಿನಲ್ಲಿ ಅಜ್ಜ, ಮಕ್ಕಳು, ಮೊಮ್ಮಕ್ಕಳನ್ನು ಒಬ್ಬರ ಹೆಗಲ ಮೇಲೊಬ್ಬರಂತೆ ಕೆತ್ತುತ್ತಾರಂತೆ.

“ಅಜ್ಜ ಕಂಡ ಸಸಿ ಮೊಮ್ಮಗನ ಕಾಲಕ್ಕೆ ಮರವಾಗುತ್ತೆ. ಕಡಿಯೋರು ಬಹಳ, ನೆಡೋರಿಲ್ಲ. ಈ ಕ್ಲಾರಿನೆಟ್ ಜೋಪಾನ, ಬಿಸಿಲಿಗಿಟ್ಟರೆ ಸೀಳು ಬಿಡುತ್ತೆ,” ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಎಲ್ಲರೂ ಸಾಲುಗಟ್ಟಿ ನೀಮಾಳ ಕ್ಲಾರಿನೆಟ್ ಮುಟ್ಟಿದರು. ನಾನು ಮುಟ್ಟಲಿಲ್ಲ.

“ಅಮ್ಮಾ, ನಂಗೂ ವುಡನ್ ಕ್ಲಾರಿನೆಟ್ಟೇ ಬೇಕು,” ಎಂದೆ ಮನೆಗೆ ಬಂದು.

“ನಮ್ಮ ಮೈಸೂರಲ್ಲಿ ಗಂಧದ ಮರ ಇಲ್ವೇನೇ? ಇದನ್ನ ತಗೊಂಡ್ಹೋಗಿ ತೋರ್ಸು,” ಎಂದು ಅಮ್ಮ ಪುಟ್ಟ ಗಂಧದ ಆನೆ ಕೊಟ್ಟಳು. ಮರುದಿನ ಟೀಚರ್ ಅದನ್ನು ಮೂಸಿ ನೋಡಿ, “ಆಹಾ, ಸೋಪಿನ ವಾಸನೆ!” ಎಂದರು. ಕ್ಲಾಸು ನಕ್ಕಿತು. ನೀಮಾಳೂ ನಕ್ಕಳು.

ಮರುವಾರ ಲಂಚಿನ ಹೊತ್ತಿಗೆ ಅವಳು, “ಇದನ್ನ ನೋಡ್ಕೊಂಡಿರು,” ಎಂದು ಕ್ಲಾರಿನೆಟ್ ನನ್ನ ಕೈಗಿತ್ತು ಹಗ್ಗದಾಟಕ್ಕೆ ಓಡಿದಳು. ಆಗಷ್ಟೇ ನುಡಿಸಿದ್ದರಿಂದ ಒಳಗೆ ತೇವವಿತ್ತು. ಪೆಟ್ಟಿಗೆ ಪಕ್ಕದಲ್ಲೇ ಇತ್ತು. ನಾನು ಅದನ್ನು ಕಿಟಕಿಯ ಕಟ್ಟೆಯ ಮೇಲೆ, ಸುಡುಬಿಸಿಲಿಗೆ ಇಟ್ಟೆ. ಗೊತ್ತಿದ್ದೇ ಇಟ್ಟೆ.

ಗಂಟೆ ಹೊಡೆಯುವಷ್ಟರಲ್ಲಿ ಕೂದಲೆಳೆಯಂಥ ಸೀಳು ಮೂಡಿತ್ತು. ನೀಮಾ ಅದನ್ನು ಬೆರಳಿನಿಂದ ಸವರಿ ನನ್ನತ್ತ ನೋಡಿದಳು. ನಾನು ಬಗ್ಗಿ ಶೂ ಲೇಸು ಕಟ್ಟತೊಡಗಿದೆ.

ಸಂಜೆ ಕರೆದೊಯ್ಯಲು ಬಂದ ಅವಳಪ್ಪ, “ಯಾರು ಬಿಸಿಲಿಗಿಟ್ಟಿದ್ದು?” ಎಂದರು.

“ನಾನೇ ಅಪ್ಪಾ. ಮರೆತುಬಿಟ್ಟೆ,” ಎಂದಳು ನೀಮಾ.

ಅವರು ಗದರಲಿಲ್ಲ. ಮಗುವಿನ ಮೊಣಕಾಲಿನ ಗಾಯ ನೋಡುವಂತೆ ಆ ಸೀಳನ್ನೇ ನೋಡುತ್ತ ನಿಂತರು. ನನಗೆ ನಾಚಿಕೆಯಾಗಬೇಕಿತ್ತು. ಆದದ್ದು ಇನ್ನಷ್ಟು ಹೊಟ್ಟೆಕಿಚ್ಚು. ಇಷ್ಟು ಒಳ್ಳೆಯವಳಾಗುವುದೂ ಅವಳಿಗೇ ಬರಬೇಕೆ!

ಸೀಳಿಗೆ ಅಂಟು ಹಾಕಿಸಿದರು. ನೀಮಾ ಮತ್ತೆ ನುಡಿಸಿದಳು, ಆದರೆ ನನ್ನ ಪಕ್ಕದ ಕುರ್ಚಿ ಬಿಟ್ಟು ಆಚೆ ಕೂತಳು. ಬೇಸಿಗೆ ರಜೆಯಲ್ಲಿ ಅವರು ಬೇರೆ ರಾಜ್ಯಕ್ಕೆ ಹೊರಟುಹೋದರು. ನಾನು ಬೀಳ್ಕೊಡಲೂ ಹೋಗಲಿಲ್ಲ.

ಆಮೇಲೆ ಗೆಳತಿಯರು ಬೇಕಾದಷ್ಟು ಜನ ಸಿಕ್ಕರು. ನನಗಾಗಿ ಸುಳ್ಳು ಹೇಳಿದವಳು ಅವಳೊಬ್ಬಳೇ.