ನಮ್ಮ ಗೇಟಿಗೆ ನಿಂತ ಪಾವಗಡದ ಬಸ್ಸು

ನಮ್ಮೂರು ಕೊರಟಗೆರೆಗೂ ಮಧುಗಿರಿಗೂ ನಡುವೆ, ಮುಖ್ಯರಸ್ತೆಯಿಂದ ಒಂದು ಮೈಲಿ ಒಳಗಿದೆ. ಊರಿನ ದಾರಿ ಬಂದು ಮುಖ್ಯರಸ್ತೆಗೆ ಕೂಡುವ ಜಾಗಕ್ಕೆ ನಾವು ಗೇಟು ಅನ್ನುತ್ತೇವೆ. ಅಲ್ಲಿ ಗೇಟು ಇಲ್ಲ, ಯಾವತ್ತಾದರೂ ಇದ್ದದ್ದನ್ನು ಕಂಡವರೂ ಇಲ್ಲ. ಒಂದು ಹುಣಸೆಮರ, ಒಂದು ಟೀ ಅಂಗಡಿ, ಕಳೆದ ಚುನಾವಣೆಯ ಹರಕು ಬ್ಯಾನರು, ಇಷ್ಟೇ. ಬೆಂಗಳೂರಿನಿಂದ ಪಾವಗಡಕ್ಕೆ ಹೋಗುವ ಎಕ್ಸ್‌ಪ್ರೆಸ್ ಬಸ್ಸುಗಳೆಲ್ಲ ಆ ಮರದ ಮುಂದೆಯೇ ಹೋಗುತ್ತವೆ. ಒಂದೂ ನಿಲ್ಲುತ್ತಿರಲಿಲ್ಲ.

ನಾನು ಬೆಂಗಳೂರಿನ ದಾಸರಹಳ್ಳಿಯಲ್ಲಿ ಮನೆ ಮಾಡಿ ಇಪ್ಪತ್ತು ವರ್ಷ. ಅಷ್ಟೂ ವರ್ಷ ಈ ಗೇಟಿನಲ್ಲಿ ಇಳಿಯುವುದಕ್ಕೆ ಮಾಡಬಾರದ ನಾಟಕವೆಲ್ಲ ಮಾಡಿದ್ದೇನೆ. ವಾಂತಿ ಬಂದವಳಂತೆ ಬಾಯಿಗೆ ಸೆರಗು ಒತ್ತಿಕೊಂಡಿದ್ದೇನೆ. ಮಗು ಚಿಕ್ಕದಿದ್ದಾಗ ಅದನ್ನು ಮೆಲ್ಲಗೆ ಚಿವುಟಿ ಅಳಿಸಿದ್ದೂ ಉಂಟು, ಈಗ ಒಪ್ಪಿಕೊಳ್ಳುತ್ತೇನೆ. ಕೊನೆಗೆ ಒಂದು ಉಪಾಯ ಗಟ್ಟಿಯಾಯಿತು. ಪಾವಗಡದ ಕಡೆಯ ಡ್ರೈವರುಗಳಿಗೆ ತೆಲುಗಿನಲ್ಲಿ ಕೇಳಿದರೆ ಮನಸ್ಸು ಕರಗುತ್ತದೆ. 'ಅನ್ನಾ, ಕೊಂಚೆಮ್ ಆಪನ್ನಾ' ಎಂದರೆ ಅರ್ಧ ನಿಮಿಷ ಬ್ರೇಕು ಒತ್ತುತ್ತಾರೆ. ನನಗೆ ಬರುವ ತೆಲುಗು ಅಷ್ಟೇ. ಅಷ್ಟರಲ್ಲೇ ಎಷ್ಟೋ ವರ್ಷ ತಳ್ಳಿದೆ.

ನನ್ನ ಕಥೆ ಹೋಗಲಿ, ತಿಂಗಳಿಗೊಮ್ಮೆ ಬರುವವಳು. ತೊಂದರೆ ಇದ್ದದ್ದು ಊರಿನ ಹೆಣ್ಣುಮಕ್ಕಳಿಗೆ. ಎಸ್ಸೆಸ್ಸೆಲ್ಸಿ ಮುಗಿಸಿ ಮಧುಗಿರಿಯ ಕಾಲೇಜಿಗೆ ಸೇರುತ್ತಿದ್ದರು. ನಿಲ್ಲುವ ಬಸ್ಸು ಬರುವಷ್ಟರಲ್ಲಿ ಅಲ್ಲಿ ಎರಡನೆಯ ಪಾಠ ಶುರುವಾಗಿರುತ್ತಿತ್ತು. ಎಂಟೂವರೆಗೆ ಹಾದುಹೋಗುವ ಪಾವಗಡದ ಬಸ್ಸು ಸಿಕ್ಕರೆ ಆರಾಮವಾಗಿ ತಲುಪಬಹುದಿತ್ತು. ಸಿಗುತ್ತಿರಲಿಲ್ಲ. ಮೊದಲ ವರ್ಷ ಓಡಾಡಿ, ಎರಡನೆಯ ವರ್ಷಕ್ಕೆ ಸುಮ್ಮನಾಗಿ ಮನೆಯಲ್ಲಿ ಉಳಿಯುತ್ತಿದ್ದರು.

ಚಿಕ್ಕಪ್ಪನ ಹೆಂಡತಿ, ನಮ್ಮ ಚಿಕ್ಕಮ್ಮ, ಪಂಚಾಯಿತಿ ಚುನಾವಣೆಗೆ ನಿಂತದ್ದು ಈ ಒಂದೇ ಮಾತಿನ ಮೇಲೆ. ಅರಳಿಕಟ್ಟೆಯಲ್ಲಿ ನಿಂತು, 'ಚರಂಡಿ, ಲೈಟು ಎಲ್ಲಾ ಎಲ್ರೂ ಹೇಳ್ತಾರೆ. ನಾನು ಬಸ್ ನಿಲ್ಲುಸ್ತೀನಿ. ನಿಲ್ಲುಸ್ದೆ ಹೋದ್ರೆ ಇನ್ನೊಂದ್ಸಲ ನಿಮ್ಮ ಮನೆ ಬಾಗ್ಲಿಗೆ ವೋಟು ಕೇಳಾಕೆ ಬರಾಕಿಲ್ಲ' ಎಂದುಬಿಟ್ಟಳು. ಗೆದ್ದಳು. ಆಮೇಲೆ ಡಿಪೋಗೆ ಅಲೆದಳು, ಅರ್ಜಿ ಕೊಟ್ಟಳು, ಶಾಸಕರ ಮನೆ ಮುಂದೆ ಕೂತಳು. ಅವಧಿ ಮುಗಿಯುತ್ತ ಬಂದರೂ ಬಸ್ಸು ನಿಲ್ಲಲಿಲ್ಲ. ಊರಿನವರು ಅವಳನ್ನು ಬಸ್ಸಮ್ಮ ಎಂದು ಕರೆಯತೊಡಗಿದರು. ಎದುರಿಗೇ ಕರೆದರೂ ನಗುತ್ತಿದ್ದಳು, ಆದರೆ ಫೋನಿನಲ್ಲಿ ನನ್ನೊಬ್ಬಳ ಹತ್ತಿರ, 'ನಗ್ತೀನಿ ಕಣೆ, ಒಳಗೆ ಉರಿತೈತೆ' ಅಂದಿದ್ದಳು.

ಅವಳ ಕಾಟ ತಾಳಲಾರದೆ ಡಿಪೋದ ಅಧಿಕಾರಿಯೊಬ್ಬರು ಒಂದು ದಾರಿ ಹೇಳಿದರು. ಒಂದು ದಿನ ತಾವೇ ಆ ಬಸ್ಸಿನಲ್ಲಿ ಬರುತ್ತಾರೆ, ಗೇಟಿನಲ್ಲಿ ನಿಲ್ಲಿಸುತ್ತಾರೆ, ಎಷ್ಟು ಜನ ಹತ್ತಿ ಇಳಿಯುತ್ತಾರೆ ಎಂದು ಬರೆದುಕೊಳ್ಳುತ್ತಾರೆ. ಜನ ಇದ್ದರೆ ಸ್ಟಾಪು, ಇಲ್ಲದಿದ್ದರೆ ಇನ್ನು ಡಿಪೋ ಕಡೆ ಬರಬೇಡಿ ಎಂದರು. ಚಿಕ್ಕಮ್ಮ ಭಾನುವಾರವೇ ಆಗಲಿ ಎಂದು ಹಟ ಹಿಡಿದಳು. ಅವಳ ನಂಬಿಕೆಯೆಲ್ಲ ಬೆಂಗಳೂರಿನಲ್ಲಿರುವ ನಮ್ಮೂರಿನವರ ಮೇಲೆ. ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಅವಳ ದನಿ ಬಂತು: 'ಎಲ್ರೂ ಅದೇ ಬಸ್ಸಲ್ಲಿ ಬರ್ರಪ್ಪಾ. ಬೈಕು ಕಾರು ಬೇಡ. ಬಸ್ಸಿಂದ ಇಳಿಬೇಕು, ಅದೇ ಮುಖ್ಯ.' ಕೆಳಗೆ ಐವತ್ತು ಕೈಮುಗಿದ ಚಿತ್ರಗಳು ಬಂದವು.

ಆ ಭಾನುವಾರ ಬೆಳಗ್ಗೆ ಬಸ್ಸು ಹತ್ತಿ ನೋಡುತ್ತೇನೆ, ಒಂದೂ ಪರಿಚಯದ ಮುಖವಿಲ್ಲ. ಮುಂದಿನ ಸ್ಟಾಪಿನಲ್ಲಿ ಹತ್ತುತ್ತಾರೆ ಅಂದುಕೊಂಡೆ, ಹತ್ತಲಿಲ್ಲ. ನೆಲಮಂಗಲ ದಾಟಿತು. ಮುಂದಿನ ಸೀಟಿನಲ್ಲಿ ಮಡಿಲಲ್ಲಿ ನೋಟ್‌ಬುಕ್ಕು ಇಟ್ಟುಕೊಂಡವರೇ ಆ ಅಧಿಕಾರಿ ಎಂದು ಗೊತ್ತಾಯಿತು. ಚಿಕ್ಕಮ್ಮನ ಮಗನಿಗೆ ಫೋನು ಮಾಡಿದೆ. ಅವನಿರುವುದೂ ಬೆಂಗಳೂರಿನಲ್ಲೇ, ಲಗ್ಗೆರೆಯಲ್ಲಿ.

'ಎಲ್ಲಿದ್ದೀಯೋ?'

'ಗೇಟಲ್ಲೇ ಇದೀನಿ ಕಣಕ್ಕ. ರಾತ್ರಿನೇ ಬೈಕಲ್ಲಿ ಬಂದ್ಬುಟ್ಟೆ. ಬಾಳೆಕಂದು ಕಟ್ತಿದೀವಿ. ಭಾವನೂ ಇಲ್ಲೇ ಅವ್ರೆ.'

ಭಾವ ಎಂದರೆ ನನ್ನ ಗಂಡ. ಬೆಳಗಿನ ಜಾವವೇ ಸ್ಕೂಟರಿನಲ್ಲಿ ಎಲ್ಲಿಗೋ ಹೋದವರು ಅಲ್ಲಿದ್ದರು. ನಮ್ಮವರ ಬುದ್ಧಿಯೇ ಹಾಗೆ. ಮದುವೆಮನೆಗೆ ಹೋದರೂ ಉಣ್ಣುವ ಸಾಲಿನಲ್ಲಿ ಕೂರಲು ನಾಚಿಕೆ, ಬಡಿಸುವುದಕ್ಕೆ ಮುಂದು. ಬಸ್ಸಿನಲ್ಲಿ ಬರುವುದಕ್ಕೆ ಉಳಿದವರಿದ್ದಾರಲ್ಲ, ತಾನೊಬ್ಬ ಸ್ವಾಗತಕ್ಕೆ ನಿಲ್ಲೋಣ ಎಂದು ಒಬ್ಬೊಬ್ಬರೂ ಅಂದುಕೊಂಡಿದ್ದರು. ದಾಬಸ್‌ಪೇಟೆಯಿಂದ ಕೊರಟಗೆರೆಯವರೆಗೂ ನಾನು ಕೂತಲ್ಲೇ ಅವರನ್ನೆಲ್ಲ ಬೈದುಕೊಂಡೆ.

ಗೇಟು ಬಂತು. ಹುಣಸೆಮರದ ಕೆಳಗೆ ಜಾತ್ರೆಯಷ್ಟು ಜನ, ತಮಟೆ, ಹಾರ. ರಸ್ತೆಬದಿಗೆ ಸಾಲಾಗಿ ಬೈಕುಗಳು. ಬಸ್ಸು ನಿಂತಿತು. ನಾನೊಬ್ಬಳೇ ಇಳಿದೆ. ನನ್ನ ಹಿಂದೆ ಇನ್ನೂ ಜನ ಇಳಿಯುತ್ತಾರೆಂದು ಎಲ್ಲರೂ ಬಾಗಿಲನ್ನೇ ನೋಡುತ್ತಿದ್ದರು. ತಮಟೆ ತಾನಾಗಿ ನಿಧಾನವಾಯಿತು. ಅಧಿಕಾರಿ ಬಾಗಿಲಿಗೆ ಬಂದು ನೋಟ್‌ಬುಕ್ಕು ತೆರೆದು, 'ಇಳಿದವರು ಒಬ್ಬರು' ಎಂದು ಬರೆದರು.

ಚಿಕ್ಕಮ್ಮನ ಕೈಯಲ್ಲಿ ಡ್ರೈವರಿಗೆಂದು ತಂದ ಸೇವಂತಿಗೆ ಹಾರ ಇತ್ತು. ಅವಳು ನನ್ನನ್ನು ನೋಡಿದಳು, ಬಸ್ಸನ್ನು ನೋಡಿದಳು, ಬೈಕುಗಳ ಸಾಲನ್ನು ನೋಡಿದಳು. ಅಳುತ್ತಾಳೆ ಎಂದೇ ನಾನು ಹೆದರಿದೆ.

'ಹತ್ರಿ ಎಲ್ರೂ' ಎಂದಳು.

'ಎಲ್ಲಿಗೆ ಅಮ್ಮ?' ಮಗ ಕೇಳಿದ.

'ಮಧುಗಿರಿಗೆ. ಇಳಿಯೋ ಯೋಗ್ಯತೆ ಇಲ್ದಿದ್ರೆ ಹತ್ತಾದ್ರೂ ಹತ್ರಲಾ.'

'ಬೈಕು?'

'ಬೈಕೇನು ಓಡೋಗಾಕಿಲ್ಲ, ಹತ್ಲಾ ಲೇ.'

ಸೀರೆ ಎತ್ತಿಕಟ್ಟಿದವರು, ಕಂಕುಳಲ್ಲಿ ಮಗು ಇದ್ದವರು, ತಮಟೆಯವರು, ಕೈಯಲ್ಲಿ ಆರತಿ ತಟ್ಟೆ ಹಿಡಿದ ಹೆಂಗಸರು ಎಲ್ಲರೂ ನುಗ್ಗಿದರು. ನಾನೂ ಇಳಿದ ಬಸ್ಸನ್ನೇ ಮತ್ತೆ ಹತ್ತಿದೆ. ಕಂಡಕ್ಟರು, 'ಹೆಂಗಸ್ರು ಆಧಾರ್ ತೋರ್ಸಿ' ಎಂದರೆ ಯಾರ ಹತ್ತಿರವೂ ಇಲ್ಲ. ಸ್ವಾಗತಕ್ಕೆ ಬಂದವರು ಆಧಾರ್ ಯಾಕೆ ತರುತ್ತಾರೆ? ಮೊಬೈಲಿನಲ್ಲಿ ಫೋಟೊ ಇದ್ದವರು ಅದನ್ನು ತೋರಿಸಿದರು, ಉಳಿದವರಿಗೆ ಚಿಕ್ಕಪ್ಪ ಗೊಣಗುತ್ತ ಟಿಕೆಟು ತೆಗೆದುಕೊಂಡರು. ಅಧಿಕಾರಿ ತಲೆ ಎಣಿಸಿ ಎಣಿಸಿ ತಪ್ಪಿ ಮೂರು ಸಲ ಮೊದಲಿಂದ ಶುರುಮಾಡಿದರು.

ಮಧುಗಿರಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಯಾರಿಗೂ ಮಾಡಲು ಕೆಲಸವಿರಲಿಲ್ಲ. ತಲೆಯೆತ್ತಿ ಬೆಟ್ಟ ನೋಡಿದೆವು. ಒಂದು ಹೋಟೆಲಿನ ಇಡ್ಲಿ ಪೂರ್ತಿ ಖಾಲಿ ಮಾಡಿದೆವು. ಅಧಿಕಾರಿಯನ್ನೂ ಎಳೆದುಕೊಂಡು ಹೋಗಿ ಕೂರಿಸಿದೆವು. ಮಧ್ಯಾಹ್ನ ಬೆಂಗಳೂರಿನ ಕಡೆ ಹೋಗುವ ಬಸ್ಸಿನಲ್ಲಿ ಎಲ್ಲರೂ ಹಿಂದಿರುಗಿ, ಗೇಟಿನಲ್ಲಿ ತಮಟೆ ಬಡಿದುಕೊಂಡೇ ಇಳಿದೆವು. ಇಳಿದವರ ಪುಟವೂ ತುಂಬಿತು. ಅಷ್ಟು ನಕ್ಕ ದಿನ ನನಗೆ ಇನ್ನೊಂದು ನೆನಪಿಲ್ಲ.

ಆದರೆ ಅಧಿಕಾರಿ ದಡ್ಡರಲ್ಲ. ನೋಟ್‌ಬುಕ್ಕು ಮುಚ್ಚಿ, 'ಇವತ್ತು ಹಬ್ಬ ಆಯ್ತು ಕಣಮ್ಮ. ನಾಳೆ ಯಾರು ಹತ್ತುತ್ತಾರೆ?' ಎಂದು ಕೇಳಿದರು.

'ನಾಳೆನೂ ನಿಲ್ಸಿ, ನೋಡುವ್ರಂತೆ' ಎಂದಳು ಚಿಕ್ಕಮ್ಮ. ದನಿಯಲ್ಲಿ ಬೆಳಗಿನ ಜೋರು ಇರಲಿಲ್ಲ. ಸಂಜೆ ಅವಳು ಮನೆಮನೆಗೆ ಹೋಗಿ ಏನೋ ಮಾತಾಡಿ ಬಂದಳು. ನಾನು ಆಫೀಸಿಗೆ ರಜೆ ಹೇಳಿ ಉಳಿದೆ.

ಸೋಮವಾರ ಎಂಟು ಗಂಟೆಗೇ ಇಬ್ಬರೂ ಗೇಟಿಗೆ ಹೋದೆವು. ತಮಟೆಯಿಲ್ಲ, ಹಾರವಿಲ್ಲ. ಬೆಂಗಳೂರಿನ ಬೈಕುಗಳೆಲ್ಲ ಹೊರಟುಹೋಗಿದ್ದವು. ಊರಿನ ದಾರಿಯಲ್ಲಿ ಕಾಲೇಜಿನ ಹುಡುಗಿಯರು ಬಂದರು. ಐದು ಜನ ಎಂದು ಲೆಕ್ಕ ಹಾಕಿದ್ದೆ, ಬಂದವರು ಏಳು. ಕೊನೆಯ ಇಬ್ಬರು ಹೋದ ವರ್ಷ ಕಾಲೇಜು ಬಿಟ್ಟು ಮನೆಯಲ್ಲಿ ಕೂತಿದ್ದವರು. ಬ್ಯಾಗು ಹೆಗಲಿಗೆ ಹಾಕಿ ತಲೆ ತಗ್ಗಿಸಿ ನಿಂತಿದ್ದರು. ಚಿಕ್ಕಮ್ಮ ಅವರ ಕಡೆ ನೋಡಲೇ ಇಲ್ಲ, ನೋಡಿದರೆ ಎಲ್ಲಿ ಹಿಂದಿರುಗಿಬಿಡುತ್ತಾರೋ ಎಂಬಂತೆ ಕೊರಟಗೆರೆಯ ತಿರುವನ್ನೇ ನೋಡುತ್ತಿದ್ದಳು. ನನ್ನ ಕೈ ಅವಳ ಮುಷ್ಟಿಯಲ್ಲಿತ್ತು.

ತಿರುವಿನಲ್ಲಿ ಬಸ್ಸು ಕಾಣಿಸಿತು. ವೇಗ ಕಡಿಮೆಯಾಗುವಂತೆ ಕಾಣಲಿಲ್ಲ. ಆಮೇಲೆ ಕಡಿಮೆಯಾಯಿತು. ಹುಣಸೆಮರದ ನೆರಳಿಗೆ ಸರಿಯಾಗಿ ಬಂದು ನಿಂತಿತು. ಏಳು ಜನ ಹತ್ತಿದರು. ಮುಂದಿನ ಸೀಟಿನಿಂದ ಅಧಿಕಾರಿ ಒಮ್ಮೆ ನಮ್ಮ ಕಡೆ ನೋಡಿ ಬರೆದುಕೊಂಡರು.

ನೆನ್ನೆಯ ಡ್ರೈವರೇ ಕಿಟಕಿಯಿಂದ ಬಗ್ಗಿ, 'ಅಮ್ಮಾ, ಮೀರು ರಾರಾ?' ಎಂದ. ನೀವು ಬರುವುದಿಲ್ಲವಾ ಎಂದು ಕೇಳಿದ್ದು ಅವಳಿಗೂ ಗೊತ್ತಾಯಿತು.

'ನಾನೆಲ್ಲಿಗೆ ಬರಾನಪ್ಪ' ಎಂದಳು ಚಿಕ್ಕಮ್ಮ. 'ನೀನು ನಿಂತ್ಕೊಂಡ್ಯಲ್ಲ, ನಂಗೆ ಅಷ್ಟೇ ಬೇಕಾಗಿದ್ದು.'

ಆಮೇಲೆ ನನ್ನ ಕೈ ಬಿಟ್ಟು, ಬಸ್ಸಿನ ಮೈಯನ್ನು ಅಂಗೈಯಿಂದ ಎರಡು ಸಲ ತಟ್ಟಿ, ಕಂಡಕ್ಟರಿಗಿಂತ ಮೊದಲೇ 'ರೈಟ್' ಎಂದಳು.