ತಾಳೆಗರಿಯ ಮರೆಯ ಬೆರಳು

ದೋರ್ಕಾಸ್ ನನ್ನ ಪಕ್ಕದ ಮನೆಯವಳು. ನಮ್ಮ ರೋತೆ ದ್ವೀಪದಲ್ಲಿ ತಾಳೆಮರದ ನೀರಾ ಕಾಸಿ ಜೋನಿಬೆಲ್ಲ ಮಾಡುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಅವಳ ಅಪ್ಪ ತೋಬಿಯಾಸ್ ಸಸಾಂದೊ ನುಡಿಸುತ್ತಿದ್ದ. ತಂತಿ ಬಿಗಿದ ಬಿದಿರಿನ ಸುತ್ತ ತಾಳೆಗರಿ ಬುಟ್ಟಿಯಂತೆ ಹರಡಿರುವ ವಾದ್ಯವದು. ಎದುರು ಕೂತವರಿಗೆ ಗರಿ ಕಾಣುತ್ತದೆಯೇ ಹೊರತು ಬೆರಳು ಕಾಣುವುದಿಲ್ಲ. ಕಲಿಸು ಎಂದು ಮಗಳು ಕೇಳಿದಾಗೆಲ್ಲ ಅವನು, “ಹೆಣ್ಣುಮಕ್ಕಳಿಗೆ ಇದ್ಯಾಕಮ್ಮ? ಹೋಗು, ಒಲೆ ನೋಡು” ಎನ್ನುತ್ತಿದ್ದ. ಕಲಿಸದೆಯೇ ತೀರಿಕೊಂಡ.

ಐವತ್ತೊಂದನೆಯ ವಯಸ್ಸಿನಲ್ಲಿ ದೋರ್ಕಾಸ್ ಆ ವಾದ್ಯವನ್ನು ಗೋಡೆಯಿಂದಿಳಿಸಿ ಹೊಸ ತಂತಿ ಹಾಕಿಸಿದಳು. ಕುಪಾಂಗ್ ಊರಿನ ಸೆಮುವೆಲ್ ಎಂಬ ಮೇಷ್ಟ್ರು ಫೋನಿನಲ್ಲಿ ಪಾಠದ ವಿಡಿಯೊ ಹಾಕುತ್ತಿದ್ದರು. ನಮ್ಮಲ್ಲಿ ಸಿಗ್ನಲ್ ಸಿಗುವುದು ಚರ್ಚಿನ ಹಿಂದೆ ಮಾತ್ರ. ಮಧ್ಯಾಹ್ನ ಕಡಾಯಿ ಇಳಿಸಿದ ಮೇಲೆ ಅವಳು ವಾದ್ಯ ತಗೊಂಡು ಅಲ್ಲಿ ಹೋಗಿ ಕೂತು ತಂತಿ ಮೀಟುತ್ತಿದ್ದಳು.

“ನೀನು ನುಡಿಸೋದು ಕೇಳಿ ಆಡುಗಳೂ ಓಡಿಹೋದ್ವು ನೋಡೇ,” ಎಂದು ನಾನು ಛೇಡಿಸಿದೆ.

“ಓಡ್ಲಿ ಬಿಡಕ್ಕ. ನೀನ್ಯಾಕೆ ಇನ್ನೂ ನಿಂತಿದೀಯ?”

ಮೂರು ತಿಂಗಳಾದರೂ ಕೈ ಕೂಡಲಿಲ್ಲ. ಕೊನೆಗೆ ವಿಡಿಯೊದ ಕೆಳಗೆ ಬರೆದಳು: “ಅಣ್ಣಾ, ನೀವು ಎದುರಿಗೆ ಕೂತ್ರೆ ನಂಗೆ ಬರೀ ಗರಿ ಕಾಣುತ್ತೆ. ಒಂದ್ಸಲ ಬೆನ್ನು ತೋರಿಸಿ ಕೂತ್ಕೊಳ್ಳಿ.”

ಮುಂದಿನ ವಾರ ಮೇಷ್ಟ್ರು ಹಾಗೆಯೇ ಕೂತರು. ಹೆಗಲ ಮೇಲಿನಿಂದ ಹತ್ತೂ ಬೆರಳು ಕಂಡವು. ದೋರ್ಕಾಸ್ ಅವತ್ತು ತಂತಿ ಮುಟ್ಟಲೇ ಇಲ್ಲ.

“ಅಪ್ಪ ಒಂದೇ ಒಂದಿನ ಹಿಂಗೆ ಹಿಂದೆ ಕೂರಕ್ಕೆ ಬಿಟ್ಟಿದ್ರೆ, ಅಕ್ಕಾ...” ಎಂದಳು.

ಒಂದೂವರೆ ವರ್ಷದಲ್ಲಿ ಅವಳಿಗೆ ಚರ್ಚಿನ ಹಾಡು, ಕುಣಿತದ ಹಾಡು ಎಲ್ಲ ಬಂದವು. ಅವಳಿಗೆ ಬೇಕಿದ್ದದ್ದು ಮಾತ್ರ ಯಾವ ವಿಡಿಯೊದಲ್ಲೂ ಇರಲಿಲ್ಲ. ವರ್ಷದ ಮೊದಲ ನೀರಾ ಇಳಿದ ದಿನ ಅಪ್ಪ ನುಡಿಸುತ್ತಿದ್ದ ರಾಗವದು. ಅವಳಿಗೆ ಅರ್ಧ ನೆನಪಿತ್ತು. ಅಷ್ಟನ್ನೇ ನುಡಿಸಿ, ವಿಡಿಯೊ ಮಾಡಿಸಿ ಮೇಷ್ಟ್ರಿಗೆ ಕಳಿಸಿದಳು. ಅವರು ಫೋನ್ ಮಾಡಿದರು.

“ಇದನ್ನ ನಾನೆಲ್ಲೂ ಕೇಳಿಲ್ಲ ಅಕ್ಕ. ನಿಮ್ಮಪ್ಪನೇ ಕಟ್ಟಿರ್ಬೇಕು. ಉಳಿದದ್ದನ್ನ ನಾನು ಕೂಡಿಸಿ ಕೊಡ್ಲಾ?”

ದೋರ್ಕಾಸ್ ವಾದ್ಯವನ್ನು ಮಡಿಲಿಗೆಳೆದುಕೊಂಡಳು.

“ನೀವು ಮಾಡಿದ್ರೆ ಚೆನ್ನಾಗೇ ಇರುತ್ತೆ. ಆದ್ರೆ ಅಪ್ಪಂದು ಆಗಲ್ಲವಲ್ಲ ಅಣ್ಣಾ. ಇರೋ ಅರ್ಧನೇ ಹಾಕಿ. ಯಾರಾದ್ರೂ ಪೂರ್ತಿ ಕೇಳಿರಬಹುದು.”

ಆ ವಿಡಿಯೊ ಹಿಡಿದವಳು ನಾನೇ, ಅವಳ ಬೆನ್ನ ಹಿಂದೆ ನಿಂತು. ರಾಗ ಇದ್ದಕ್ಕಿದ್ದಂತೆ ನಿಲ್ಲುವಲ್ಲಿಗೇ ಅದು ಮುಗಿಯುತ್ತದೆ. ಮೇಷ್ಟ್ರು ಅದನ್ನು ಹಾಗೆಯೇ ಹಾಕಿದರು.

ಈಗ ಎಲ್ಲೆಲ್ಲಿಂದಲೋ ಹುಡುಗಿಯರು ಅವಳಿಗೆ ಬರೆಯುತ್ತಾರೆ. ಹೆಬ್ಬೆರಳು ಹೇಗಿಡಬೇಕು, ತಂತಿ ಎಷ್ಟು ಬಿಗಿಯಬೇಕು ಎಂದು ಕೇಳುತ್ತಾರೆ. ಅವಳು ಒಬ್ಬೊಬ್ಬರಿಗೂ ಉತ್ತರಿಸುತ್ತಾಳೆ. ಆಮೇಲೆ ಮತ್ತೆ ಮೊದಲಿನಿಂದ ಎಲ್ಲವನ್ನೂ ಓದುತ್ತಾಳೆ. ಉಳಿದರ್ಧ ಬಲ್ಲೆ ಎಂದು ಇನ್ನೂ ಯಾರೂ ಬರೆದಿಲ್ಲ.