ಮರಳಿನಿಂದ ಏಳದ ಸಿಂಹ

ನನ್ನ ತಮ್ಮನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಈ ವಯಸ್ಸಿನಲ್ಲಿ ಮುಚ್ಚಿಟ್ಟು ಏನು ಮಾಡಲಿ, ಹೇಳಿಯೇ ಬಿಡುತ್ತೇನೆ.

ಹುಬ್ಬಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅಪ್ಪ ಕಟ್ಟಿಗೆಯ ದೇವರ ಮೂರ್ತಿ, ಬಾಗಿಲವಾಡ ಕೆತ್ತುತ್ತಿದ್ದ. ಇಬ್ಬರಿಗೂ ಉಳಿ ಹಿಡಿಯಲು ಕಲಿಸಿದವನು ಅವನೇ. ನಾನು ಮೂರ್ತಿಗೆ ಅಂಟಿಕೊಂಡೆ. ತಮ್ಮ ಕಬ್ಬಿಣದ ಎರಕ ಹೊಯ್ಯುವ ಕಾರ್ಖಾನೆ ಸೇರಿದ. ಯಂತ್ರದ ಒಂದೊಂದು ಭಾಗವನ್ನೂ ಮೊದಲು ಕಟ್ಟಿಗೆಯಲ್ಲಿ ಮಾಡಿಕೊಡುವುದು ಅವನ ಕೆಲಸ. ಆ ಮಾದರಿಯನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಅಚ್ಚಿಗೆ ಕರಗಿದ ಕಬ್ಬಿಣ ಹೊಯ್ಯುತ್ತಿದ್ದರು. ಗಾಲಿ, ಹಿಡಿಕೆ ಮಾಡುವುದೂ ಒಂದು ಕೆತ್ತನೆಯೇ? ಎಂದು ನಾನು ಓಣಿಯ ತುಂಬ ಆಡಿಕೊಂಡು ನಕ್ಕೆ.

ಅಪ್ಪನಿಗೊಂದು ರೂಢಿಯಿತ್ತು. ಯಾವ ಕೆತ್ತನೆ ಮುಗಿದರೂ ಕಣ್ಣು ಮುಚ್ಚಿ ಅದರ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ. ನನ್ನ ಮೂರ್ತಿಗಳಿಗೆ ಸಿಗುತ್ತಿದ್ದುದು ಬರೀ ಒಂದು 'ಹೂಂ'. ಒಂದು ದಿನ ತಮ್ಮ ತಾನು ಮಾದರಿ ಮಾಡಿದ ಕೈಪಂಪಿನ ಹಿಡಿಕೆ ತಂದ. ಅಪ್ಪ ಅದನ್ನು ಸವರಿದ, ಹಿಡಿದ, ಮತ್ತೆ ಸವರಿದ. "ಅಂಗೈಗೆ ಎಷ್ಟ್ ಛಲೋ ಕೂಡತೈತಲ್ಲೋ!" ಎಂದ. ಅಂದಿನ ರೊಟ್ಟಿ ನನಗೆ ರುಚಿಸಲಿಲ್ಲ.

ಅದೇ ವರ್ಷ ಅಪ್ಪನ ಕೈ ನಡುಗಲು ಶುರುವಾಯಿತು. ಮಹಾನವಮಿಗೆ ಉಳಿಗಳ ಪೂಜೆ ಮಾಡಿ, ಇಬ್ಬರಲ್ಲಿ ಯಾರ ಕೈಕೆಲಸ ನನಗೆ ಹಿಡಿಸುತ್ತದೋ ಅವರಿಗೆ ಕೊಟ್ಟುಬಿಡುತ್ತೇನೆ ಎಂದ. ಅಜ್ಜನ ಕಾಲದ ಉಳಿಗಳು. ಹಿರಿಯ ಮಗ ನಾನು. ಅವು ನನಗಲ್ಲದೆ ಇನ್ಯಾರಿಗೆ?

ಆಗಲೇ ಕಾರ್ಖಾನೆಯ ಮಾಲೀಕರಿಗೆ, ವಿಲಾಯತಿ ಪಂಪಿನೆದುರು ತಾವು ಮಾಡುವ ಸ್ವದೇಶಿ ಪಂಪು ಎದ್ದು ಕಾಣಲೆಂದು, ಅದರ ನೀರು ಬೀಳುವ ಬಾಯಿಗೆ ಸಿಂಹದ ಮುಖ ಬೇಕೆನಿಸಿತು. ನಾನೇ ಹೋಗಿ ಕೇಳಿ ಕೆಲಸ ಹಿಡಿದೆ. ತಮ್ಮನನ್ನು ಅವನ ಕಾರ್ಖಾನೆಯಲ್ಲೇ ಮೀರಿಸಬೇಕಿತ್ತು. ಸಾಗವಾನಿಯಲ್ಲಿ ಸಿಂಹ ಕೆತ್ತಿ, ಕೇಸರದ ಕೂದಲಿನ ಒಂದೊಂದು ಸುರುಳಿಯ ಅಡಿಗೂ ಉಳಿ ಇಳಿಸಿ, ಬೆರಳು ತೂರುವಷ್ಟು ಟೊಳ್ಳು ಮಾಡಿದೆ. ನಮ್ಮ ಕಸುಬಿನಲ್ಲಿ ಅದೇ ದೊಡ್ಡಸ್ತಿಕೆ. ಅಲ್ಲಿ ನೆರಳು ನಿಂತರೆ ಮೂರ್ತಿಗೆ ಜೀವ.

ಮರಳಿನಿಂದ ಎತ್ತುವಾಗ ಸಿಂಹ ಏಳಲಿಲ್ಲ. ಸುರುಳಿಗಳ ಅಡಿಯಲ್ಲಿ ಮರಳು ಸಿಕ್ಕಿಕೊಂಡು, ಎಳೆದ ಕೂಡಲೇ ಅಚ್ಚೆಲ್ಲ ಕುಸಿದುಬಿತ್ತು. ಮೂರು ಸಲವೂ ಅದೇ ಗತಿ. ಕೆಲಸಗಾರರು ಮುಸಿಮುಸಿ ನಕ್ಕರು.

"ಅಣ್ಣಾ, ಇಲ್ಲಿ ಉಳಿ ಅಷ್ಟ್ ಒಳಗ ಹೋಗಬಾರ್ದು. ಕಟಿಗಿ ಮರಳು ಬಿಟ್ಟು ಸಲೀಸ ಎದ್ದು ಬರಬೇಕು," ಎಂದ ತಮ್ಮ, ಯಾರಿಗೂ ಕೇಳದ ಹಾಗೆ. ಬೈದಿದ್ದರೇ ಚೆನ್ನಾಗಿತ್ತು. ಅವನೇ ಟೊಳ್ಳುಗಳಿಗೆ ಮೇಣ ತುಂಬಿದ, ಸುರುಳಿಗಳ ಬದಿಯನ್ನು ಓರೆಯಾಗಿ ಹೆರೆದ. ನಾಲ್ಕನೆಯ ಸಲ ಸಿಂಹ ಎದ್ದು ಬಂತು, ಎರಕವೂ ಕೂಡಿಬಂತು. "ನಮ್ಮ ಅಣ್ಣನ ಕೆಲಸರೀ ಇದು," ಎಂದು ಮಾಲೀಕರಿಗೆ ಹೇಳಿದ. ನಾನು ಕೂಲಿ ಎಣಿಸಿಕೊಂಡು, ಎರಕದ ಒಂದು ಸಿಂಹವನ್ನೂ ಕೇಳಿ ತಂದೆ.

ಮಹಾನವಮಿಯ ದಿನ ಆ ಕಬ್ಬಿಣದ ಸಿಂಹವನ್ನು ಅಪ್ಪನ ಮುಂದಿಟ್ಟು, "ನಾ ಮಾಡಿದ್ದು," ಎಂದೆ. ಅಪ್ಪ ಕಣ್ಣು ಮುಚ್ಚಿದ. ಹೆಬ್ಬೆರಳು ಹಣೆಯಿಂದ ಕೇಸರಕ್ಕೆ ಎಲ್ಲೂ ತಡೆಯದೆ ಹರಿಯಿತು. ಮುಖ ಅರಳಿತು. "ಇದು ಸಣ್ಣಾವನ ಕೈ," ಎಂದು ಉಳಿಗಳ ಗಂಟನ್ನು ತಮ್ಮನತ್ತ ಚಾಚಿದ.

ತಮ್ಮ ಹಿಂದೆ ಸರಿದ. "ನನಗ ಕಾರ್ಖಾನ್ಯಾಗ ಉಳಿ ಕೊಟ್ಟಾರಪ್ಪಾ. ಇವು ಅಣ್ಣಗ ಇರಲಿ."

ಹೀಗೆ ಅವು ನನ್ನವಾದವು, ಅವನು ಬಿಟ್ಟುಕೊಟ್ಟಿದ್ದಕ್ಕೆ. ಇಂದಿಗೂ ಅವುಗಳಿಂದಲೇ ಕೆತ್ತುತ್ತೇನೆ. ಕೆಲಸ ಮುಗಿದಾಗ ಅಪ್ಪನ ಹಾಗೆ ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸುತ್ತೇನೆ. ಎಲ್ಲಾದರೂ ಅದು ಸಲೀಸಾಗಿ ಹರಿದರೆ, ತಮ್ಮನ ಕೈ ನೆನಪಾಗಿ ಮೈ ಉರಿಯುತ್ತದೆ. ಅಲ್ಲಿ ಬೇಕೆಂದೇ ಉಳಿಯನ್ನು ಇನ್ನೊಂದು ಸಲ ಆಳಕ್ಕೆ ಇಳಿಸುತ್ತೇನೆ.